ಎಸ್‌ಟಿಪಿ ನಾರುತ್ತಿದೆ, ಹೊಸದು ಹಾಕಿಸಬೇಕಾ?

ಪ್ರಶ್ನೆ: ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ನಮ್ಮದು 110 ಮನೆಗಳ ಅಪಾರ್ಟ್‌ಮೆಂಟ್. ಬೆಳಗ್ಗೆ ಹೊತ್ತು ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಫ್ಲಶ್‌ಗೆ ಬರುವ ನೀರೂ ಹಳದಿ. ಕರೆಂಟ್ ಬಿಲ್ ಉಳಿಸಲು ಹೋದ ವರ್ಷದಿಂದ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸುತ್ತಿದ್ದೇವೆ. ಹಳೆಯ ಪ್ಲಾಂಟ್ ಕಿತ್ತು ಹೊಸದು ಹಾಕಿಸಿ ಎಂದು ಒಬ್ಬರು ಲಕ್ಷಾಂತರ ರೂಪಾಯಿಯ ಕೊಟೇಶನ್ ಕೊಟ್ಟಿದ್ದಾರೆ. ಏನು ಮಾಡೋಣ?
– ಅಸೋಸಿಯೇಷನ್ ಕಾರ್ಯದರ್ಶಿ

ಉತ್ತರ: ಕೊಟೇಶನ್ ಸದ್ಯಕ್ಕೆ ಪಕ್ಕಕ್ಕಿಡಿ. ಇವತ್ತು ರಾತ್ರಿಯಿಂದಲೇ ಬ್ಲೋವರ್ ಓಡಲಿ.

ಕೊಳೆ ತಿಂದು ನೀರು ಶುದ್ಧ ಮಾಡುವುದು ಏರೇಶನ್ ಟ್ಯಾಂಕಿನ (ಗಾಳಿ ಊದುವ ಟ್ಯಾಂಕ್) ಬ್ಯಾಕ್ಟೀರಿಯಾ. ಅವಕ್ಕೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ನೀರಲ್ಲಿ ಕರಗಿರಬೇಕು. ಎಂಟು ಗಂಟೆ ಗಾಳಿ ನಿಂತರೆ ಸ್ಲಡ್ಜ್ (ಈ ಬ್ಯಾಕ್ಟೀರಿಯಾ ತುಂಬಿದ ಕೆಸರು) ತಳಕ್ಕೆ ಕೂತು ಕೊಳೆಯುತ್ತದೆ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಬೆಳಗ್ಗೆ ಬ್ಲೋವರ್ ಹಾಕಿದ ಕೂಡಲೇ ಅದೆಲ್ಲ ಮೇಲೇಳುತ್ತದೆ. 5 ಹೆಚ್‌ಪಿ ಬ್ಲೋವರ್ ಅಂದುಕೊಂಡರೂ ರಾತ್ರಿಗೆ ಉಳಿಯುವುದು ಸುಮಾರು 30 ಯೂನಿಟ್. ಮನೆಗೆ ಕಾಲು ಯೂನಿಟ್ ಚಿಲ್ಲರೆ. ಅಷ್ಟಕ್ಕೆ ಇಷ್ಟೆಲ್ಲ ಯಾಕೆ ಅಲ್ವಾ?

ಬ್ಲೋವರ್ ಓಡುವಾಗ ಟ್ಯಾಂಕಿನ ಮೇಲ್ಮೈ ನೋಡಿ. ಎಲ್ಲ ಕಡೆ ಸಣ್ಣ ಗುಳ್ಳೆ ಏಳಬೇಕು. ಒಂದೇ ಕಡೆ ದಪ್ಪ ಗುಳ್ಳೆ ಕುದಿಯುತ್ತಿದ್ದರೆ ಅಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಡಿಫ್ಯೂಸರ್ ಹರಿದಿದೆ. ಬದಲಿಸಿ.

ಆಮೇಲೆ ಒಂದು ಲೀಟರಿನ ಅಳತೆ ಜಾಡಿ ತರಿಸಿ. ಬ್ಲೋವರ್ ಓಡುತ್ತಿರುವಾಗಲೇ ಏರೇಶನ್ ಟ್ಯಾಂಕಿನ ನೀರು ತುಂಬಿ, ಅಲುಗಾಡಿಸದೆ 30 ನಿಮಿಷ ಬಿಡಿ. ಕಂದು ಸ್ಲಡ್ಜ್ 250ರಿಂದ 400 ಮಿಲಿಲೀಟರಿಗೆ ಇಳಿದು, ಮೇಲಿನ ನೀರು ತಿಳಿಯಾಗಿದ್ದರೆ ಚಿಂತೆ ಬೇಡ. 700 ದಾಟಿ ನಿಂತರೆ ಅದೇ ನೀರಿಗೆ ಅಷ್ಟೇ ಸಂಸ್ಕರಿಸಿದ ನೀರು ಬೆರೆಸಿ ಮತ್ತೊಮ್ಮೆ ನೋಡಿ. ಈಗ ಚೆನ್ನಾಗಿ ಇಳಿಯಿತಾ? ಹಾಗಾದರೆ ಸ್ಲಡ್ಜ್ ಜಾಸ್ತಿಯಾಗಿದೆ, ಅದನ್ನು ಹಿಂಡಿ ಹೊರತೆಗೆಯುವ ಫಿಲ್ಟರ್ ಪ್ರೆಸ್ ದಿನಾ ಓಡಿಸಿ. ಆಗಲೂ ಇಳಿಯದಿದ್ದರೆ ನೂಲಿನಂಥ ಬ್ಯಾಕ್ಟೀರಿಯಾ ಬೆಳೆದಿದೆ. ಗಾಳಿ ಸಾಲದಿದ್ದಾಗ ಅದು ಬೆಳೆಯುವುದು ಮಾಮೂಲಿ. ಆದರೆ ಸ್ಲಡ್ಜ್ ಪೂರ್ತಿ ಖಾಲಿ ಮಾಡಿಸಬೇಡಿ. ಮೊಸರಿಗೆ ಹೆಪ್ಪು ಉಳಿಸುವ ಹಾಗೆ ಅದನ್ನು ಟ್ಯಾಂಕಿನಲ್ಲಿ ಉಳಿಸಿಕೊಳ್ಳಲೇಬೇಕು.

ವಿನ್ಯಾಸದಲ್ಲಿ ಏನಾದರೂ ಬದಲಿಸುವುದಿದ್ದರೆ ಮೊದಲು ಕಚ್ಚಾ ನೀರಿನ ಪಂಪ್ (ಕೊಳಚೆ ನೀರನ್ನು ಏರೇಶನ್ ಟ್ಯಾಂಕಿಗೆ ಎತ್ತುವುದು) ನೋಡಿ. ಮನೆಗೆ ನಾಲ್ವರಂತೆ 440 ಜನ, ತಲೆಗೆ 135 ಲೀಟರ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 60 ಸಾವಿರ ಲೀಟರ್. 20 ಗಂಟೆಗೆ ಹಂಚಿದರೆ ಗಂಟೆಗೆ 3 ಸಾವಿರ. ನಾನು ನೋಡುವ ಎಷ್ಟೋ ಕಡೆ ಇದರ ಎರಡು ಮೂರು ಪಟ್ಟು ಎತ್ತುವ ಪಂಪ್ ಇರುತ್ತದೆ. ಆಗ ಏರೇಶನ್ ಆದ ಮೇಲೆ ಬರುವ ಸೆಟ್ಲಿಂಗ್ ಟ್ಯಾಂಕಿನಲ್ಲಿ ಸ್ಲಡ್ಜ್ ತಳಕ್ಕೆ ಕೂರುವ ಮೊದಲೇ ನೀರು ಅದನ್ನು ಹೊತ್ತುಕೊಂಡು ಹೋಗುತ್ತದೆ. ಪಂಪಿನ ಪೈಪಿನಿಂದ ಒಂದು ಕವಲು ತೆಗೆದು, ವಾಲ್ವ್ ಹಾಕಿ, ಹೆಚ್ಚಿನ ನೀರು ಈಕ್ವಲೈಸೇಶನ್ ಟ್ಯಾಂಕಿಗೇ (ಕೊಳಚೆ ನೀರು ಮೊದಲು ಸೇರುವ ಟ್ಯಾಂಕ್) ವಾಪಸ್ ಬೀಳುವ ಹಾಗೆ ಮಾಡಿಸಿ. ಪ್ಲಂಬರ್‌ಗೆ ಒಂದು ದಿನದ ಕೆಲಸ.

ಇನ್ನೊಂದು ಮಾತು. ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ರಿಪೇರಿಗೆ, ಶುಚಿಗೆ ಅಂತ ಆಪರೇಟರ್‌ನನ್ನು ಟ್ಯಾಂಕಿನೊಳಗೆ ಇಳಿಸಬೇಡಿ. ನಿಮಗೆ ಬರುತ್ತಿರುವ ವಾಸನೆಯ ಅನಿಲವೇ ಮನುಷ್ಯನನ್ನು ಕೊಲ್ಲುತ್ತದೆ. ಅದು ಜಾಸ್ತಿಯಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಸುರಕ್ಷತಾ ಸಾಧನ ಕೊಡದೆ ಚರಂಡಿ, ಸೆಪ್ಟಿಕ್ ಟ್ಯಾಂಕ್ ಶುಚಿಗೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಡಿಫ್ಯೂಸರ್ ಕೂಡ ಮೇಲಿಂದಲೇ ಎತ್ತಿ ತೆಗೆಯುವಂಥದ್ದನ್ನು ಹಾಕಿಸಿ.

ಬ್ಯಾಕ್ಟೀರಿಯಾ ಚೇತರಿಸಿಕೊಳ್ಳಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಜಾಡಿಯ ಅಳತೆಯನ್ನು ದಿನಾ ಗೋಡೆಯ ಬೋರ್ಡಿನಲ್ಲಿ ಬರೆಸಿ. ಆಮೇಲೂ ವಾಸನೆ ಹೋಗದಿದ್ದರೆ ಆ ಅಂಕಿಗಳನ್ನು ನನಗೆ ಕಳಿಸಿ.