ಹಳೆಯ ಪತ್ರಗಳಿಗೆ ಎ3 ಸ್ಕ್ಯಾನರ್: ಮೊದಲು ಸೆನ್ಸರ್ ಕೇಳಿ

ಸರ್, ಕೋಲಾರದ ನಿಮ್ಮ ವಕೀಲರ ಕಚೇರಿಗೆ ಹಳೆಯ ಕ್ರಯಪತ್ರ, ನಕ್ಷೆ, ದಪ್ಪ ರಿಜಿಸ್ಟರುಗಳಿಗಾಗಿ ಯಾವ ಎ3 ಫ್ಲಾಟ್‌ಬೆಡ್ (ಗಾಜಿನ ಮೇಲೆ ಕಾಗದವಿಟ್ಟು ಸ್ಕ್ಯಾನ್ ಮಾಡುವ) ಸ್ಕ್ಯಾನರ್ ಕೊಳ್ಳಬೇಕು ಎಂದು ಕೇಳಿದ್ದೀರಿ. ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ) ಅಂಕಿಗೆ ಮರುಳಾಗಬೇಡಿ. ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಭಾಗ, ಎರಡು ಬಗೆ: ಸಿಸಿಡಿಯೋ ಸಿಐಎಸ್ಸೋ ಎಂದು ಮೊದಲು ವಿಚಾರಿಸಿ. ಸಿಐಎಸ್ ತೆಳ್ಳಗಿನದು, ಅಗ್ಗ. ಆದರೆ ಗಾಜಿಗೆ ಅಂಟಿಕೊಂಡದ್ದು ಮಾತ್ರ ಅದಕ್ಕೆ ಸ್ಪಷ್ಟ. ಮಡಿಕೆ ಬಿದ್ದ ಕಾಗದ, ಹೊಲಿಗೆಯ ಬಳಿ ಮೇಲೇಳುವ ಪುಟ ಮಸುಕಾಗುತ್ತವೆ. ನಾನೇ ಅಗ್ಗಕ್ಕೆ ಸೋತು ಅದನ್ನು ತಂದು, ರಿಜಿಸ್ಟರನ್ನು ಎರಡೂ ಕೈಗಳಿಂದ ಅದುಮಿ ಹಿಡಿದು ಸುಸ್ತಾದವನು. ಗಾಜಿನಿಂದ ತುಸು ಮೇಲೆದ್ದದ್ದನ್ನೂ ಸಿಸಿಡಿ ಸ್ಪಷ್ಟವಾಗಿ ಹಿಡಿಯುತ್ತದೆ, ನಿಮಗೆ ಅದೇ ಸರಿ. ಬರಹಕ್ಕೆ 300 ಡಿಪಿಐ ಸಾಕು. 600ರಲ್ಲಿ ಬಣ್ಣದ ಒಂದು ಎ3 ಪುಟ, ಕುಗ್ಗಿಸದಿದ್ದರೆ, ಸುಮಾರು 200 ಎಂಬಿ ನುಂಗುತ್ತದೆ. ಎ3 ಎಂದರೆ 297×420 ಮಿಲಿಮೀಟರ್ ಅಷ್ಟೇ. ಅದಕ್ಕಿಂತ ದೊಡ್ಡ ಗ್ರಾಮ ನಕ್ಷೆಯನ್ನು ತುಂಡು ತುಂಡಾಗಿ ಜೋಡಿಸುತ್ತ ಕೂರಬೇಡಿ, ದೊಡ್ಡ ನಕ್ಷೆ ಸ್ಕ್ಯಾನ್ ಮಾಡುವ ಅಂಗಡಿಗೆ ಒಯ್ಯಿರಿ. ಹಾಂ, ಮುಚ್ಚಳ ಕಳಚಿ ತೆಗೆಯುವಂತಿರಲಿ.