ಲೇಟೆಕ್ ಥೀಸಿಸ್ ನಿಭಾಯಿಸುವ ಸ್ಕ್ರಿಪ್ಟ್: ಬ್ಯಾಶ್‌ನಲ್ಲಿ ಬರೆಯಲೋ, ಪೈಥಾನ್‌ನಲ್ಲೋ?

ಲೇಟೆಕ್ (ಬರಹವನ್ನು ಪುಟಗಳಾಗಿ ಜೋಡಿಸುವ ಸಾಫ್ಟ್‌ವೇರ್) ಫೈಲನ್ನು ಕಂಪೈಲ್ ಮಾಡಿ, ಅಂದರೆ ಪಿಡಿಎಫ್ ಆಗಿಸಿ, ಆಮೇಲೆ ಉಳಿಯುವ ಕಸದ ಫೈಲ್‌ಗಳನ್ನು ಅಳಿಸುವ ಸ್ಕ್ರಿಪ್ಟ್ ಅಲ್ವಾ? ಭಾಷೆ ಯಾವುದಾದರೂ ಇರಲಿ ಬಿಡಿ. ಅಳಿಸುವ ಸ್ಕ್ರಿಪ್ಟನ್ನು ನೀವೇ ಬರೆಯಲೇಬೇಡಿ.

ನಾನು ಬರೆದಿದ್ದೆ. ಥೀಸಿಸ್ ಸಬ್ಮಿಟ್ ಮಾಡಲು ಒಂಬತ್ತು ದಿನ ಬಾಕಿ. ಒಮ್ಮೆ ಲೇಟೆಕ್, ಒಮ್ಮೆ ರೆಫರೆನ್ಸ್ ಜೋಡಿಸುವ ಬಿಬ್‌ಟೆಕ್, ಮತ್ತೆರಡು ಸಲ ಲೇಟೆಕ್ ಅಂತ ಟೈಪ್ ಮಾಡಿ ಮಾಡಿ ಸಾಕಾಗಿ, ಐದು ಸಾಲಿನ ಬ್ಯಾಶ್ ಸ್ಕ್ರಿಪ್ಟ್ ಗೀಚಿದೆ. 'ಕಸಬರಿಗೆ' ಅಂತ ಹೆಸರು ಬೇರೆ!

ಐದನೇ ಸಾಲೇ ನನ್ನನ್ನು ಮುಳುಗಿಸಿದ್ದು. ಬಿಬ್‌ಟೆಕ್ ಓಡಿದಾಗ ಡಾಟ್ ಬಿಬಿಎಲ್, ಡಾಟ್ ಬಿಎಲ್‌ಜಿ ಅಂತ ಎರಡು ಫೈಲ್ ಹುಟ್ಟುತ್ತವೆ. ಮೊದಲನೆಯದು ಜೋಡಿಸಿಟ್ಟ ರೆಫರೆನ್ಸ್ ಪಟ್ಟಿ, ಇನ್ನೊಂದು ಲಾಗ್. ಎರಡೂ 'ಬಿ'ಯಿಂದಲೇ ಶುರು. ಸುಮ್ನೆ ಎರಡು ಹೆಸರು ಯಾಕೆ ಅಂತ 'ಸ್ಟಾರ್ ಡಾಟ್ ಬಿ ಸ್ಟಾರ್' (ಡಾಟ್ ಆದಮೇಲೆ 'ಬಿ' ಇರುವ ಎಲ್ಲ ಫೈಲೂ) ಎಂದು ಅಳಿಸುವ ಕಮಾಂಡ್ ಆರ್‌ಎಂಗೆ ಕೊಟ್ಟೆ. 'ಬಿ'ಯಿಂದ ಶುರುವಾಗುವ ಮೂರನೆಯದೂ ಇದೆ: ಡಾಟ್ ಬಿಬ್. ಅದು ತಾನಾಗಿ ಹುಟ್ಟಿದ್ದಲ್ಲ, ನಾನು ಮೂರು ವರ್ಷ ಕೂತು ತುಂಬಿದ್ದು. 214 ರೆಫರೆನ್ಸ್. ಆರ್‌ಎಂ ಏನನ್ನೂ ಕೇಳುವುದಿಲ್ಲ, ಟ್ರ್ಯಾಶ್‌ಗೂ ಹಾಕುವುದಿಲ್ಲ.

ಮಜಾ ಅಂದರೆ, ಅಳಿಸುವ ಹೊತ್ತಿಗೆ ಕಂಪೈಲ್ ಮುಗಿದಿತ್ತಲ್ಲ, ಪಿಡಿಎಫ್ ಚೆನ್ನಾಗೇ ಬಂತು. ಖುಷಿಯಾಗಿ ಮಲಗಿದೆ. ಬೆಳಗ್ಗೆ ಒಂದು ಕಾಗುಣಿತ ತಿದ್ದಿ ಮತ್ತೆ ಓಡಿಸಿದರೆ ಎಲ್ಲ ಸೈಟೇಶನ್ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ. ಹಳೆಯ ಪಿಡಿಎಫ್ ಮೇಲೆ ಹೊಸದು ಕೂತಿತ್ತು. ಬಿಬಿಎಲ್ ಕೂಡ ಇರಲಿಲ್ಲ, ಅದನ್ನೂ ಗುಡಿಸಿದ್ದೆ.

ಉಳಿದಿದ್ದು ಗೈಡ್‌ಗೆ ಕೊಟ್ಟಿದ್ದ ಪ್ರಿಂಟ್ ಒಂದೇ. "ಸರ್, ಆ ಕಾಪಿ ಒಂದ್ಸಲ ಬೇಕಿತ್ತು" ಅಂದೆ. "ಅಷ್ಟು ಬೇಗ ತಿದ್ದಿ ಮುಗಿಸಿದ್ರೇನ್ರೀ?" ಅಂದರು. ಹೌದು ಸರ್ ಅಂದೆ. ನಾಲ್ಕು ದಿನ ಅದನ್ನು ನೋಡಿಕೊಂಡು ಟೈಪ್ ಮಾಡಿದೆ. ಡಿಒಐ (ಲೇಖನಗಳ ಆನ್‌ಲೈನ್ ಗುರುತಿನ ಸಂಖ್ಯೆ) ಇದ್ದವನ್ನು ಡೌನ್‌ಲೋಡ್ ಮಾಡಿಕೊಂಡೆ, ಹಳೆಯ ಪುಸ್ತಕಗಳಿಗೆ ಆ ಭಾಗ್ಯವಿಲ್ಲ.

ನಿಮಗೆ ಬೇಕಾದ್ದು ಲೇಟೆಕ್‌ಎಂಕೆ. ಲೇಟೆಕ್ ಇನ್‌ಸ್ಟಾಲ್ ಮಾಡುವ ಟೆಕ್ ಲೈವ್ ಜೊತೆಗೇ ಬರುವ ಪರ್ಲ್ ಸ್ಕ್ರಿಪ್ಟ್ ಅದು. ಎಷ್ಟು ಸಲ ಓಡಿಸಬೇಕು ಅಂತ ಅದೇ ನೋಡಿಕೊಳ್ಳುತ್ತದೆ. ಮೈನಸ್ ಸಣ್ಣ ಸಿ ಕೊಟ್ಟರೆ ಕಸ ಮಾತ್ರ ತೆಗೆಯುತ್ತದೆ, ದೊಡ್ಡ ಸಿ ಕೊಟ್ಟರೆ ಪಿಡಿಎಫ್ ಕೂಡ ಹೋಗುತ್ತದೆ. ಔಟ್‌ಡಿರ್ ಅನ್ನುವ ಆಯ್ಕೆ ಕೊಟ್ಟು ಪಿಡಿಎಫ್ ಸಮೇತ ಕಸವೆಲ್ಲ ಬೇರೆ ಫೋಲ್ಡರಿಗೆ ಬೀಳುವಂತೆ ಮಾಡಿದರೆ ಇನ್ನೂ ವಾಸಿ. ಸ್ವಂತ ಸ್ಕ್ರಿಪ್ಟ್ ಬರೆಯಲೇಬೇಕಾ? ಬರೀ ಓದುವಂಥದ್ದು ಬರೆಯಿರಿ. ಲಾಗ್‌ನಲ್ಲಿ 'ಅನ್‌ಡಿಫೈನ್ಡ್' ಎಲ್ಲೆಲ್ಲಿದೆ ಅಂತ ಗ್ರೆಪ್ ಕಮಾಂಡ್‌ನಿಂದ ಹುಡುಕುವ ಒಂದು ಸಾಲನ್ನು ನಾನು ಈಗಲೂ ಬಳಸುತ್ತೇನೆ.

ಹಳೆಯ ಆವೃತ್ತಿಗಳನ್ನು ಕಾಪಾಡಿಡುವ ಗಿಟ್ ಇರಲಿಲ್ವಾ ಅಂತ ಕೇಳುತ್ತೀರಿ. ಇತ್ತು. ಯಾವ ಫೈಲ್ ಬಿಟ್ಟುಬಿಡಬೇಕು ಅಂತ ಹೇಳುವ ಅದರ ಇಗ್ನೋರ್ ಫೈಲಿನಲ್ಲೂ ಅದೇ 'ಸ್ಟಾರ್ ಡಾಟ್ ಬಿ ಸ್ಟಾರ್' ಬರೆದಿದ್ದೆ.