ಗಾಡಿ ಪ್ರಶ್ನೋತ್ತರ: ಜಿಪ್ಸಿಗೆ ಡೀಸೆಲ್ ಎಂಜಿನ್ ಕೂರಿಸಬಹುದಾ?

ಪ್ರಶ್ನೆ: ನನ್ನ ಹತ್ತಿರ 2004ರ ಮಾರುತಿ ಜಿಪ್ಸಿ ಇದೆ, ಕೆಎ-20 ನಂಬರು. ಗುಡ್ಡದ ಮೇಲೆ ಅಡಿಕೆ ತೋಟ. ಗೊಬ್ಬರದ ಚೀಲ, ಔಷಧಿ ಡ್ರಮ್ಮು ಹೇರಿಕೊಂಡು ಕೆಸರಿನಲ್ಲಿ ಹತ್ತಬೇಕು. ಗೆಳೆಯರ ಜೊತೆ ಆಫ್‌ರೋಡ್ ಹೋಗುವುದೂ ಉಂಟು. ಪೆಟ್ರೋಲ್ ಸಿಕ್ಕಾಪಟ್ಟೆ ಕುಡಿಯುತ್ತದೆ, ಚಡಾವಿನಲ್ಲಿ ಎಳೆಯುವುದಿಲ್ಲ. ಮಂಗಳೂರಿನ ಗುಜರಿಯಲ್ಲಿ ಸ್ವಿಫ್ಟ್‌ನ 1.3 ಡೀಸೆಲ್ ಎಂಜಿನ್ ಒಳ್ಳೆ ರೇಟಿಗೆ ಸಿಕ್ಕಿದೆ. ಮೆಕ್ಯಾನಿಕ್ ಕೂರಿಸಿ ಕೊಡ್ತೇನೆ ಅಂತಾನೆ. ತೆಗೆದುಕೊಳ್ಳಲಾ?
— ಹೆಬ್ರಿಯ ಓದುಗರು

ಉತ್ತರ: ಸ್ವಲ್ಪ ತಡೆಯಿರಿ ಮಾರಾಯ್ರೆ. ಅಡ್ವಾನ್ಸ್ ಕೊಟ್ಟಿಲ್ಲ ತಾನೆ?

ಮೊದಲು ಕಾಗದದ ವಿಷಯ ಮುಗಿಸೋಣ, ಯಾಕೆಂದರೆ ಎಲ್ಲರೂ ಅದನ್ನು ಕೊನೆಗೆ ನೋಡುತ್ತಾರೆ. ನಿಮ್ಮ ಆರ್‌ಸಿಯಲ್ಲಿ ಇಂಧನ ಪೆಟ್ರೋಲ್ ಅಂತ ಇದೆ, ಸಿಸಿ ಇದೆ, ಎಂಜಿನ್ ನಂಬರ್ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಾಖಂಡಿತವಾಗಿ ಹೇಳಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಒಪ್ಪಿಗೆ ಪಡೆದ ಕಿಟ್ ಹಾಕಿಸಲು ದಾರಿ ಇದೆ. ಗುಜರಿಯಿಂದ ತಂದ ಡೀಸೆಲ್ ಎಂಜಿನ್ ಆ ಲೆಕ್ಕಕ್ಕೆ ಬರುವುದಿಲ್ಲ. ಸಿಕ್ಕಿಬಿದ್ದರೆ 182ಎ ಸೆಕ್ಷನ್‌ನಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಿಮ್ಮ ಗಾಡಿಗೆ 15 ವರ್ಷ ದಾಟಿದೆ, ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಗಾಡಿ ತೋರಿಸಲೇಬೇಕು, ಆಗ ಇನ್‌ಸ್ಪೆಕ್ಟರ್ ಬಾನೆಟ್ ಎತ್ತದೆ ಬಿಡುತ್ತಾರಾ? ಅಪಘಾತವಾದರಂತೂ ಕ್ಲೇಮ್ ತಿರಸ್ಕರಿಸಲು ಇನ್ಶೂರೆನ್ಸ್‌ನವರಿಗೆ ನಾವೇ ಕಾರಣ ಕೊಟ್ಟ ಹಾಗೆ. ಹಾಗಾಗಿ ಒಂದು ಬೋಲ್ಟ್ ಬಿಚ್ಚುವ ಮೊದಲೇ ಆರ್‌ಟಿಒಗೆ ಅರ್ಜಿ ಬರೆದು ಉತ್ತರ ಕೇಳಿ. "ಎಲ್ಲ ಮಾಡ್ತಾರೆ, ಏನೂ ಆಗಲ್ಲ" ಎನ್ನುವ ಮೆಕ್ಯಾನಿಕ್ ಆರ್‌ಟಿಒಗೆ ನಿಮ್ಮ ಜೊತೆ ಬರುವುದಿಲ್ಲ.

ಇನ್ನು ಎಂಜಿನ್. ನಿಮ್ಮ ಜಿಪ್ಸಿಯದ್ದು 1298 ಸಿಸಿ, 80 ಅಶ್ವಶಕ್ತಿ ಬರುವುದು 6000 ಆರ್‌ಪಿಎಂನಲ್ಲಿ (ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ), 103 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆತ, 4500ರಲ್ಲಿ. ಸ್ವಿಫ್ಟ್‌ನ 1248 ಸಿಸಿ ಡೀಸೆಲ್ 2000 ಆರ್‌ಪಿಎಂಗೇ 190 ಕೊಡುತ್ತದೆ. ಕೇಳುವಾಗಲೇ ಬಾಯಲ್ಲಿ ನೀರೂರುತ್ತದೆ, ಒಪ್ಪಿದೆ. ಆದರೆ ಹೆಚ್ಚುಕಡಿಮೆ ಎರಡು ಪಟ್ಟಾದ ಆ ಎಳೆತ ಹೋಗುವುದು ಹಳೇ ಗೇರ್‌ಬಾಕ್ಸ್, ಹಳೇ ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಹಳೇ ಆಕ್ಸಲ್ ಮೂಲಕವೇ. ಫೋರ್ ಲೋ (ನಾಲ್ಕೂ ಚಕ್ರ ನಿಧಾನಕ್ಕೆ, ಜೋರಾಗಿ ಎಳೆಯುವ ಗೇರ್), ಫಸ್ಟ್ ಗೇರ್, ಒಂದು ಚಕ್ರ ಕಲ್ಲಿಗೆ ಸಿಕ್ಕಿಕೊಂಡಿದೆ, ನೀವು ಆಕ್ಸಿಲರೇಟರ್ ಒತ್ತುತ್ತೀರಿ. ಆಕ್ಸಲ್ ಶಾಫ್ಟ್ ಮುರಿಯುವುದು ಅಲ್ಲೇ, ಅದೂ ತೋಟದ ತುದಿಯಲ್ಲಿ, ಜಡಿಮಳೆಗೆ.

ಟಾರ್ ರೋಡಿನಲ್ಲಿ ಇದರ ಉಲ್ಟಾ ತೊಂದರೆ. ಜಿಪ್ಸಿಯ ಗೇರ್‌ಗಳು ಜೋರಾಗಿ ತಿರುಗುವ ಪೆಟ್ರೋಲ್ ಎಂಜಿನ್‌ಗೆ ಅಂತ ಇಟ್ಟವು. ಟ್ರಾನ್ಸ್‌ಫರ್ ಕೇಸ್ ಹೈ ರೇಂಜ್‌ನಲ್ಲಿದ್ದರೂ ಅಲ್ಲಿ ನೇರ ಒಂದಕ್ಕೊಂದು ಇಲ್ಲ, ವೇಗ ಇನ್ನೊಂದಿಷ್ಟು ಇಳಿಯುತ್ತದೆ. ಲೆಕ್ಕ ನೀವೇ ಮಾಡಿ. 205/70 ಆರ್15 ಟಯರ್ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 635 ಸುತ್ತು. ಅದಕ್ಕೆ ಆಕ್ಸಲ್, ಟ್ರಾನ್ಸ್‌ಫರ್, ಐದನೇ ಗೇರ್ ಮೂರರ ಅನುಪಾತವನ್ನೂ ಗುಣಿಸಿದರೆ ಎಂಜಿನ್ ಎಷ್ಟು ತಿರುಗುತ್ತದೆ ಅಂತ ಸಿಗುತ್ತದೆ, ನಿಧಾನಕ್ಕೆ ತಿರುಗುವ ಡೀಸೆಲ್‌ಗೆ ಅದು ಜಾಸ್ತಿಯೇ. ಹಳೇ ಮಹೀಂದ್ರಾ ಜೀಪಿನ 2523 ಸಿಸಿ ಡಿಐ ಡೀಸೆಲ್ ಎಂಜಿನ್ 3200 ಆರ್‌ಪಿಎಂ ಆಸುಪಾಸಿಗೇ ಉಸಿರು ಬಿಡುತ್ತದೆ. ಅದನ್ನು ಜಿಪ್ಸಿಗೆ ಹಾಕಿದವರು ಹೆದ್ದಾರಿಯಲ್ಲಿ ಲಾರಿ ಹಿಂದೆಯೇ ಹೋಗುವುದು ಇದಕ್ಕೇ. ಜೊತೆಗೆ ಆ ಎಂಜಿನ್‌ನ ತೂಕ ಬೇರೆ. ಜಿಪ್ಸಿಯೇ ಒಂದು ಟನ್ ಆಸುಪಾಸಿನ ಗಾಡಿ, ಮೂಗಿಗಿಂತ ಮೂಗುತಿ ಭಾರ ಆದರೆ ಮುಂದಿನ ಲೀಫ್ ಪ್ಲೇಟು (ಭಾರ ಹೊರುವ ಪಟ್ಟಿ ಸ್ಪ್ರಿಂಗ್) ಕೂತೇ ಹೋಗುತ್ತದೆ.

ಸ್ವಿಫ್ಟ್ ಎಂಜಿನ್ ಹಗುರ, ನಿಜ. ಆದರೆ ಅದು ಬಾನೆಟ್ ಒಳಗೆ ಅಡ್ಡ ಕೂರುವ ಎಂಜಿನ್. ಜಿಪ್ಸಿಗೆ ಉದ್ದಕ್ಕೆ ಕೂರಿಸಬೇಕು. ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಅಡಾಪ್ಟರ್ ಪ್ಲೇಟನ್ನು ಒಳ್ಳೆಯ ಲೇತ್‌ನಲ್ಲಿ ಮಾಡಿಸಬೇಕು, ಬೈಕಂಪಾಡಿ ಕಡೆ ಅಂಥ ಕೆಲಸದವರು ಸಿಗುತ್ತಾರೆ. ಕ್ರ್ಯಾಂಕ್‌ನ ಮಧ್ಯವೂ ಗೇರ್‌ಬಾಕ್ಸ್ ಶಾಫ್ಟ್‌ನ ಮಧ್ಯವೂ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಕಿರುಚಲು ಶುರು. ಆಯಿಲ್ ಚೇಂಬರ್ ಮುಂದಿನ ಆಕ್ಸಲ್‌ಗೆ ತಾಗುತ್ತದಾ ಅಂತ ಗಾಡಿ ಸಮನೆಲದಲ್ಲಿ ನಿಂತಾಗ ನೋಡಿ ಪ್ರಯೋಜನ ಇಲ್ಲ, ಲೀಫ್ ಪ್ಲೇಟು ಪೂರ್ತಿ ಒತ್ತಿಕೊಂಡಾಗ ನೋಡಬೇಕು. ಸ್ವಿಫ್ಟ್‌ನದ್ದು ಸಿಆರ್‌ಡಿಐ, ಅಂದರೆ ಕಂಪ್ಯೂಟರ್ ಹಿಡಿತದ ಡೀಸೆಲ್, ಆಕ್ಸಿಲರೇಟರ್‌ಗೆ ಕೇಬಲ್ ಇಲ್ಲ, ಸೆನ್ಸರ್. ಹಾಗಾಗಿ ಇಸಿಯು (ಎಂಜಿನ್‌ನ ಆ ಕಂಪ್ಯೂಟರ್), ವೈರಿಂಗ್, ಪೆಡಲ್, ಕೀಲಿ ಎಲ್ಲ ಒಂದೇ ಗಾಡಿಯದ್ದು ಬೇಕು. ಗುಜರಿಯವರು ಬರೀ ಎಂಜಿನ್ ಕೊಡುತ್ತೇನೆಂದರೆ ಅದು ಅಗ್ಗವಲ್ಲ, ಕಬ್ಬಿಣ ಅಷ್ಟೇ.

ಮತ್ತೆ ಬ್ರೇಕು. ಇದನ್ನು ಮರೆಯುವವರೇ ಜಾಸ್ತಿ. ಪೆಟ್ರೋಲ್ ಎಂಜಿನ್‌ನಲ್ಲಿ ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಇನ್‌ಟೇಕ್‌ನಿಂದ ಪುಕ್ಕಟೆ ಸಿಗುತ್ತದೆ. ಡೀಸೆಲ್‌ನಲ್ಲಿ ಹಾಗಿಲ್ಲ, ಅದಕ್ಕೇ ಬೇರೆ ಪಂಪ್ ಇರುತ್ತದೆ. ಆ ಪಂಪ್ ಸರಿಯಿಲ್ಲದೆ ಆಗುಂಬೆ ಘಾಟಿ ಇಳಿದು ನೋಡಿ, ಪೆಡಲ್ ಕಲ್ಲಿನ ಹಾಗಾಗಿ ಎರಡು ಕಾಲಲ್ಲಿ ಮೆಟ್ಟಿದರೂ ಗಾಡಿ ನಿಲ್ಲುವುದಿಲ್ಲ.

ನನ್ನನ್ನು ಕೇಳಿದರೆ ಎಂಜಿನ್ ಬದಲಿಸಬೇಡಿ. ಒಂದು ಮಾತು ನೀವು ಬರೆದಿಲ್ಲ, ಗಾಡಿಗೆ ಕಂಪನಿ ಅಳತೆಯ ಟಯರೇ ಇದೆಯಾ? ಆಫ್‌ರೋಡ್ ಹೋಗುವವರು ಅಂದಕ್ಕೆ ದೊಡ್ಡ ಟಯರ್ ಹಾಕಿ, ಆಮೇಲೆ ಎಳೆಯಲ್ಲ ಅಂತ ಎಂಜಿನ್‌ಗೆ ಬೈಯುತ್ತಾರೆ. ಟಯರ್ ದೊಡ್ಡದಾದಷ್ಟೂ ಚಡಾವಿನಲ್ಲಿ ಎಳೆತ ಕಡಿಮೆ, ಅಲ್ವಾ? ಹಳೇ ಅಳತೆಗೆ ಬನ್ನಿ. ನಾಲ್ಕೂ ಸಿಲಿಂಡರ್ ಕಂಪ್ರೆಷನ್ ಚೆಕ್ ಮಾಡಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿ, ಕ್ಲಚ್ ಜಾರುತ್ತಿದೆಯಾ ನೋಡಿ. ಹೇರು ಇದ್ದಾಗ ಚಡಾವಿನ ಬುಡದಲ್ಲೇ ಫೋರ್ ಲೋ ಹಾಕಿ, ಅರ್ಧ ಹತ್ತಿದ ಮೇಲೆ ಅಲ್ಲ. ಇಷ್ಟಾಗಿಯೂ ಡೀಸೆಲ್ಲೇ ಬೇಕೆಂದರೆ ಡೀಸೆಲ್ ಆರ್‌ಸಿ ಇರುವ ಜೀಪು ಹುಡುಕಿ. ಉಳಿತಾಯದ ಲೆಕ್ಕಕ್ಕೆ ಡೀಸೆಲ್ ಅಂತೀರಾದರೆ, 2014ರ ಅಕ್ಟೋಬರ್‌ನಲ್ಲಿ ಸರ್ಕಾರ ಡೀಸೆಲ್ ದರದ ಹಿಡಿತ ಬಿಟ್ಟ ಮೇಲೆ ಮೊದಲಿನಷ್ಟು ಅಂತರವೂ ಉಳಿದಿಲ್ಲ.

ಪ್ರಶ್ನೆ: ಡೀಸೆಲ್ ಮಹೀಂದ್ರಾ ಜೀಪಿನ ಎಂಜಿನ್ ಸೀಜ್ ಆಗಿದೆ. ಅದೇ ಜಾತಿಯ ಹಳೇ ಎಂಜಿನ್ ಹಾಕಬಹುದಾ?
— ಸುಳ್ಯದ ಓದುಗರು

ಉತ್ತರ: ನಿಮ್ಮ ದಾರಿ ಸಲೀಸು. ಅದೇ ಕಂಪನಿ, ಅದೇ ಮಾದರಿ, ಅದೇ ಇಂಧನ ಆದರೆ ಆರ್‌ಟಿಒ ಅನುಮತಿ ಮೊದಲೇ ಪಡೆದು, ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಹತ್ತಿಸಿಕೊಳ್ಳಿ. ಬಿಲ್ ಬೇಕು, ಎಂಜಿನ್ ಬಂದ ಗಾಡಿಯ ಆರ್‌ಸಿ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು. ನಂಬರ್ ಉಜ್ಜಿದ್ದರೆ ಮುಟ್ಟಲೇಬೇಡಿ. ಕೊಳ್ಳುವಾಗ ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಹೊಗೆ ಬುಸುಬುಸು ಬಂದರೆ ರಿಂಗ್, ಲೈನರ್ ಮುಗಿದಿದೆ ಅಂತ.

ಪ್ರಶ್ನೆ: ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹೊಳೆ ದಾಟುವಾಗ ನೀರು ಹೋದರೂ ಚಿಂತೆ ಇಲ್ಲ ಅಂತಾರೆ. ಹೌದಾ?
— ಬೆಳ್ತಂಗಡಿಯ ಓದುಗರು

ಉತ್ತರ: ಹೊರಗೆ ನೀರು ಎರಚಿದರೆ ಹಳೇ ಡೀಸೆಲ್ ಎಂಜಿನ್‌ಗೆ ಚಿಂತೆ ಇಲ್ಲ, ಅಷ್ಟು ಮಾತ್ರ ನಿಜ. ಏರ್ ಫಿಲ್ಟರ್ ಮೂಲಕ ಸಿಲಿಂಡರ್ ಒಳಗೆ ನೀರು ಹೋದರೆ ಡೀಸೆಲ್‌ಗೇ ಪೆಟ್ಟು ಜಾಸ್ತಿ. ಗಾಳಿಯ ಹಾಗೆ ನೀರು ಒತ್ತಿದರೆ ಕುಗ್ಗುವುದಿಲ್ಲ, ಡೀಸೆಲ್‌ನಲ್ಲಿ ಒತ್ತಡವೂ ಹೆಚ್ಚು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹೊಳೆ ಮಧ್ಯೆ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಗಾಡಿ ಎಳೆಸಿ ದಡಕ್ಕೆ ತನ್ನಿ, ಇಂಜೆಕ್ಟರ್ ಬಿಚ್ಚಿ, ಕೈಯಿಂದ ಕ್ರ್ಯಾಂಕ್ ತಿರುಗಿಸಿ ನೀರು ಹೊರಗೆ ಹಾಕಿಸಿ, ಆಮೇಲೆ ಸ್ಟಾರ್ಟಿಂಗ್ ಮಾತು.